ಕಿಯಾಸ್ಮಸ್ ಹೋಗಿ ಕ್ರಿಸ್ಮಸ್ ಬಂದ ಕಥೆ

ನಮ್ಮ ಸಭೆಯಲ್ಲಿ ಬುಧವಾರ ಸಂಜೆ ಸತ್ಯವೇದ ಅಧ್ಯಯನ. ಹದಿನೈದಿಪ್ಪತ್ತು ಜನ ಸೇರುತ್ತೇವೆ. ಈಗ ದಪ್ಪ ಪುಸ್ತಕ ಹೊತ್ತು ಬರುವವರಿಲ್ಲ, ಎಲ್ಲರ ಕೈಯಲ್ಲೂ ಮೊಬೈಲು. ವಚನ ಒತ್ತಿದರೆ ಸಾಕು, ಹಳೆಯ ಟಿಪ್ಪಣಿಕಾರ ಮ್ಯಾಥ್ಯೂ ಹೆನ್ರಿ ಅದಕ್ಕೆ ಏನು ಹೇಳಿದ್ದಾರೆ ಎಂದು ಕೆಳಗೆ ಬಿಚ್ಚಿಕೊಳ್ಳುತ್ತದೆ. ಹೆನ್ರಿ ಒಳ್ಳೆಯವರೇ, ಆದರೆ ಮಾತು ಜಾಸ್ತಿ. ಒಂದು ವಚನ ಕೇಳಿದರೆ ಒಂದು ಪ್ರಸಂಗ ಕೊಡುತ್ತಾರೆ. ನನಗೆ ಬೇಕಾಗಿದ್ದದ್ದು ಬೆಂಗೆಲ್. ಒಂದು ಪದ ಎತ್ತಿಕೊಂಡು, ಒಂದೂವರೆ ಸಾಲು ಬರೆದು, ಮುಂದಿನ ಪದಕ್ಕೆ ಹೋಗಿಬಿಡುವ ಮನುಷ್ಯ. ಅವರ ಪುಸ್ತಕವನ್ನು ಮೊಬೈಲಿಗೆ ತರಲು ನಾನೇ ಕೂತೆ.

ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (1687–1752) ಜರ್ಮನಿಯ ವುರ್ಟೆಂಬರ್ಗಿನವರು. ಇಡೀ ಹೊಸ ಒಡಂಬಡಿಕೆಗೆ ಅವರು ಲ್ಯಾಟಿನ್‌ನಲ್ಲಿ ಬರೆದ ಟಿಪ್ಪಣಿ 1742ರಲ್ಲಿ ಅಚ್ಚಾಯಿತು. ಹೆಸರು ‘ಗ್ನೋಮೋನ್’. ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಶಂಕು ಅನ್ನುತ್ತಾರಲ್ಲ, ನೆರಳು ನೋಡಿ ಹೊತ್ತು ತಿಳಿಯಲು ನೆಡುವ ಗೂಟ, ಅದೇ. ತಾನು ದಾರಿ ತೋರಿಸುವ ಗೂಟ ಮಾತ್ರ, ಬೆಳಕು ಬೇರೆಯದು ಎಂಬ ಭಾವ. ಜಾನ್ ವೆಸ್ಲಿ 1755ರಲ್ಲಿ ಹೊಸ ಒಡಂಬಡಿಕೆಗೆ ಟಿಪ್ಪಣಿ ಹೊರತಂದಾಗ ಬಹಳಷ್ಟನ್ನು ತೆಗೆದುಕೊಂಡದ್ದು ಇದರಿಂದಲೇ. ಮಂಗಳೂರಿನವನಾದ ನನಗೆ ಇನ್ನೊಂದು ನಂಟೂ ಇದೆ. ‘ಮಂಗಳೂರ ಸಮಾಚಾರ’ ನಡೆಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅದೇ ವುರ್ಟೆಂಬರ್ಗಿನಲ್ಲಿ, ಓದಿದ್ದು ಬೆಂಗೆಲ್ ಓದಿದ್ದ ಟ್ಯೂಬಿಂಗೆನ್‌ನಲ್ಲಿ.

ಇಂಗ್ಲಿಷ್ ಅನುವಾದ ಎಡಿನ್‌ಬರೊದ ಟಿ ಆ್ಯಂಡ್ ಟಿ ಕ್ಲಾರ್ಕ್ ಪ್ರಕಾಶನದಿಂದ 1857–58ರಲ್ಲಿ ಐದು ಸಂಪುಟಗಳಾಗಿ ಬಂತು. ಸಂಪಾದಕರು ಆ್ಯಂಡ್ರೂ ಫಾಸೆಟ್, ತೀರಿಕೊಂಡದ್ದು 1910ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ಸತ್ತ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು, ಅಂದರೆ ಆ ಲೆಕ್ಕ 1970ಕ್ಕೇ ಚುಕ್ತಾ. ಒಂದು ಎಚ್ಚರಿಕೆ: ಇಂಥ ಪುಸ್ತಕಗಳ ಈಚಿನ ಮರುಮುದ್ರಣ ಸಿಕ್ಕಿತೆಂದು ಅದನ್ನೇ ಸ್ಕ್ಯಾನ್ ಮಾಡಬೇಡಿ. ಹಳೆಯ ಪಠ್ಯ ಯಾರದ್ದೂ ಅಲ್ಲದಿರಬಹುದು, ಹೊಸ ಮುನ್ನುಡಿಗೆ, ಹೊಸದಾಗಿ ಸೇರಿಸಿದ ಟಿಪ್ಪಣಿಗೆ ಒಡೆಯರಿರುತ್ತಾರೆ. ನಾನು 19ನೆಯ ಶತಮಾನದ ಪ್ರತಿಯ ಸ್ಕ್ಯಾನನ್ನೇ ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡೆ.

ಇಳಿಸುವಾಗಲೇ ಮೊದಲ ತಪ್ಪು. ಸುಲಭವೆಂದು ಪಿಡಿಎಫ್ ತೆಗೆದುಕೊಂಡೆ. ಅದು ಗಾತ್ರ ಇಳಿಸಲು ಹಿಂಡಿ ಮಾಡಿದ ಚಿತ್ರ. ಕಣ್ಣಿಗೆ ಚೆನ್ನಾಗಿಯೇ ಕಂಡರೂ ಗ್ರೀಕ್ ಅಕ್ಷರಗಳ ನೆತ್ತಿಯ ಮೇಲಿನ ಸಣ್ಣ ಗೀಟುಗಳೆಲ್ಲ ಕಲಸಿಹೋಗಿದ್ದವು. ಒಂದು ತಿಂಗಳ ಕೆಲಸ ಬಿಸಾಡಿ, ಮೂಲ ಜೆಪಿ2 ಚಿತ್ರಗಳನ್ನು ಇಳಿಸಿಕೊಂಡು ಮತ್ತೆ ಒಂದನೇ ಪುಟದಿಂದ ಶುರು ಮಾಡಿದೆ. ಓರೆಯಾದ ಪುಟ ನೆಟ್ಟಗೆ ಮಾಡಲು, ಅಂಚು ಕತ್ತರಿಸಲು ಸ್ಕ್ಯಾನ್‌ಟೇಲರ್. ಅಕ್ಷರ ಗುರುತಿಸಲು ಟೆಸೆರಾಕ್ಟ್. ಎರಡೂ ಪುಕ್ಕಟೆ, ಎರಡೂ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ರಾತ್ರಿ ಊಟ ಮುಗಿಸಿ ಒಂದು ಸಂಪುಟ ಹಾಕಿ ಮಲಗಿದರೆ ಬೆಳಿಗ್ಗೆಗೆ ಪಠ್ಯ ತಯಾರು.

ತಯಾರೆಂದರೆ ಹೇಗೆ? ಇಂಗ್ಲಿಷ್ ಒಂದನ್ನೇ ಕಲಿತ ಟೆಸೆರಾಕ್ಟಿಗೆ ಗ್ರೀಕ್ ಕೊಟ್ಟರೆ ಅದು ಗೊತ್ತಿಲ್ಲವೆಂದು ಹೇಳುವುದಿಲ್ಲ, ಗೊತ್ತಿರುವ ಅಕ್ಷರಗಳಲ್ಲೇ ಬರೆದುಬಿಡುತ್ತದೆ. ಯೋಹಾನನ ಸುವಾರ್ತೆಯ ಮೊದಲ ವಚನದ ‘ಲೋಗೊಸ್’ ನನಗೆ ಸಿಕ್ಕಿದ್ದು ‘ಆಡ್ಯೋಸ್’ ಆಗಿ. ಲ್ಯಾಮ್ಡಾ ಅಕ್ಷರ ಅದಕ್ಕೆ ದೊಡ್ಡ ಎ, ಮೇಲೆ ಗೀಟಿರುವ ಒಮಿಕ್ರಾನ್ ಸಣ್ಣ ಡಿ, ಗ್ಯಾಮಾ ವೈ. ಆದಿಯಲ್ಲಿ ವಾಕ್ಯವಿತ್ತು ಎನ್ನುವಲ್ಲಿಗೇ ಸ್ಪ್ಯಾನಿಷ್‌ನಲ್ಲಿ ಹೋಗಿಬರುತ್ತೇನೆ ಅಂದಂತೆ! ಹಳೆಯ ಗ್ರೀಕಿನ ತರಬೇತಿ ಫೈಲನ್ನೂ ಜೊತೆಗೆ ಹಾಕಿ ಎರಡು ಭಾಷೆ ಒಟ್ಟಿಗೆ ಓದಿಸಿದ ಮೇಲೆ ಮುಕ್ಕಾಲು ಪಾಲು ಸರಿಯಾಯಿತು. ಉಳಿದ ಕಾಲು ಪಾಲು ಕೈಯಲ್ಲೇ.

ಇಲ್ಲಿ ಒಂದು ಮಾತು. ಪುಸ್ತಕವನ್ನು ಅಕ್ಷರಕ್ಕಿಳಿಸುವುದು ಅರ್ಧ ಕೆಲಸ. ಅಧ್ಯಯನದ ಸಾಫ್ಟ್‌ವೇರಿಗೆ ಪುಟ ಎಂಬುದೇ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ವಚನದ ವಿಳಾಸ. ನಾನು ಆರಿಸಿಕೊಂಡದ್ದು ಕ್ರಾಸ್‌ವೈರ್‌ನವರ ಸ್ವೋರ್ಡ್ ಎಂಬ ಫೈಲ್ ಮಾದರಿ, ಆ್ಯಂಡ್‌ಬೈಬಲ್ ಆ್ಯಪ್ ಓದುವುದು ಅದನ್ನೇ. ಅದರಲ್ಲಿ ತೀರಾ ಸರಳ ದಾರಿಯೊಂದಿದೆ. ಮೂರು ಡಾಲರ್ ಚಿಹ್ನೆ ಹಾಕಿ ಮತ್ತಾಯ 5:3 ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯುವುದು, ಅದರ ಕೆಳಗೆ ಆ ವಚನದ ಟಿಪ್ಪಣಿ. ಮತ್ತೆ ಮೂರು ಡಾಲರ್, ಮುಂದಿನ ವಚನ. ಹೀಗೆ ಇಡೀ ಪುಸ್ತಕ ಒಂದು ಉದ್ದ ಫೈಲ್. ಐದು ಸಂಪುಟಗಳ ಎರಡು ಸಾವಿರಕ್ಕೂ ಹೆಚ್ಚು ಪುಟಗಳನ್ನು ಹೀಗೆ ತುಂಡು ಮಾಡಬೇಕು.

ತುಂಡು ಮಾಡಲು ಬೆಂಗೆಲ್ ಅವರೇ ಒಂದು ಗುರುತು ಬಿಟ್ಟಿದ್ದಾರೆ. ಪುಸ್ತಕದಲ್ಲಿ ಮೊದಲು ವಚನದ ಗ್ರೀಕ್ ಪದ, ಪಕ್ಕದಲ್ಲಿ ಓರೆ ಅಕ್ಷರದಲ್ಲಿ ಅದರ ಇಂಗ್ಲಿಷ್, ಆಮೇಲೆ ಒಂದು ಮುಚ್ಚುವ ಕಂಸ. ತೆರೆಯುವ ಕಂಸ ಇಲ್ಲವೇ ಇಲ್ಲ. ಹಿಂದಿನ ಕಾಲದ ಟಿಪ್ಪಣಿಕಾರರ ರೂಢಿ ಅದು. ನನ್ನ ಮಗಳು ಪೈಥಾನ್‌ನಲ್ಲಿ ತಪಾಸಣೆಯ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಮೊದಲ ಸಲ ಓಡಿಸಿದಾಗ ಸಾವಿರಗಟ್ಟಲೆ ದೋಷ.

“ಪಪ್ಪಾ, ನಿಮ್ಮ ಪುಸ್ತಕದಲ್ಲಿ ಒಂದು ಕಂಸವೂ ಜೋಡಿ ಇಲ್ಲ” ಎಂದಳು ಫೋನಿನಲ್ಲಿ.

“ಅದು ತಪ್ಪಲ್ಲ ಮಗಾ, ಅದು ಶೈಲಿ.”

“ಹಾಗಾದರೆ ಒಳ್ಳೇದಾಯ್ತು. ಅದನ್ನೇ ಹಿಡಿದು ಕತ್ತರಿಸೋಣ.”

ಹಾಗೆ ಒಂಟಿ ಕಂಸವೇ ನಮ್ಮ ಕತ್ತರಿಯಾಯಿತು. ಟೆಸೆರಾಕ್ಟ್ ಅದನ್ನು ಕೆಲವೊಮ್ಮೆ ಜೆ ಅಕ್ಷರ ಮಾಡುತ್ತಿತ್ತು, ಕೆಲವೊಮ್ಮೆ ಚೌಕ ಕಂಸ. ಈ ಚೌಕ ಕಂಸ ಬೇರೆಯೇ ತಲೆನೋವು. ಬೆಂಗೆಲ್ ಅವರ ಜರ್ಮನ್ ಹೊಸ ಒಡಂಬಡಿಕೆಯಿಂದ ಆಯ್ದು ಸೇರಿಸಿದ ಮಾತುಗಳನ್ನು ಎಡಿನ್‌ಬರೊದವರು ಚೌಕ ಕಂಸದೊಳಗಿಟ್ಟು, ಕೊನೆಗೆ ವಿ. ಜಿ. ಎಂದು ಗುರುತು ಹಾಕಿದ್ದಾರೆ. ಅದು ಕಳಚಿದರೆ ಯಾವುದು ಗ್ನೋಮೋನಿನ ಮಾತು, ಯಾವುದು ಆಮೇಲೆ ಸೇರಿದ್ದು ಎಂಬುದೇ ಅಳಿಸಿಹೋಗುತ್ತದೆ. ಹಾಗಾಗಿ ಪ್ರತಿಯೊಂದು ಚೌಕ ಕಂಸವನ್ನೂ ಚಿತ್ರ ನೋಡಿಯೇ ಒಪ್ಪಿದೆ. ಪುಟದ ನೆತ್ತಿಯಲ್ಲಿ ಅಚ್ಚಾದ ಅಧ್ಯಾಯ, ವಚನ ಸಂಖ್ಯೆಯ ಸಾಲನ್ನು ಸಾಮಾನ್ಯವಾಗಿ ಕಸವೆಂದು ಅಳಿಸುತ್ತಾರೆ. ಅಳಿಸಬೇಡಿ, ಬೇರೆ ಫೈಲಿಗೆ ಎತ್ತಿಡಿ. ತುಂಡು ಮಾಡಿದ್ದು ಸರಿಯಾದ ವಚನಕ್ಕೆ ಬಿತ್ತೋ ಇಲ್ಲವೋ ಎಂದು ತಾಳೆ ನೋಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಅಡ್ಡ ಉಲ್ಲೇಖಗಳನ್ನು ಒತ್ತಿದರೆ ಆ ವಚನ ತೆರೆಯುವಂತೆ ಮಾಡುವುದು ಮುಂದಿನ ಹಂತ. ಹಳೆಯ ಪುಸ್ತಕಗಳಲ್ಲಿ ಅಧ್ಯಾಯಕ್ಕೆ ಸಣ್ಣ ರೋಮನ್ ಅಂಕಿ. ವಿ ಎಂಬ ಅಕ್ಷರ ಒಂದು ಕಡೆ ಐದನೇ ಅಧ್ಯಾಯ, ಇನ್ನೊಂದು ಕಡೆ ವಚನ ಎಂಬುದರ ಹ್ರಸ್ವರೂಪ. ‘ವಿ ಚುಕ್ಕೆ 3’ ಅಂದರೆ ಇದೇ ಅಧ್ಯಾಯದ ಮೂರನೇ ವಚನವೋ, ಐದನೇ ಅಧ್ಯಾಯದ ಮೂರನೆಯದೋ? ಮುಂದೆ ಪುಸ್ತಕದ ಹೆಸರಿದ್ದರೆ ಅಧ್ಯಾಯ, ಇಲ್ಲದಿದ್ದರೆ ವಾಕ್ಯ ಓದಿಯೇ ತೀರ್ಮಾನ. ಕೀರ್ತನೆಗಳಲ್ಲಿ ಇನ್ನೊಂದು ಗುಂಡಿ. ಹಳೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟಿನ ಎಣಿಕೆಯಲ್ಲಿ ಹತ್ತನೇ ಕೀರ್ತನೆಯಿಂದ ಮುಂದೆ ಬಹಳಷ್ಟು ಕಡೆ ಒಂದು ಸಂಖ್ಯೆ ಹಿಂದೆ. ನಮ್ಮ 23ನೇ ಕೀರ್ತನೆ ಅಲ್ಲಿ 22. ಕಣ್ಣು ಮುಚ್ಚಿ ಕೊಂಡಿ ಹಾಕಿದರೆ ಕುರುಬನನ್ನು ಹುಡುಕಿ ಹೋದವನು ‘ನನ್ನನ್ನೇಕೆ ಕೈಬಿಟ್ಟೆ’ ಎಂಬಲ್ಲಿ ನಿಂತಿರುತ್ತಾನೆ.

ಈಗ ನನ್ನ ದೊಡ್ಡ ಎಡವಟ್ಟಿಗೆ ಬರುತ್ತೇನೆ. ಮೂರನೇ ಸಂಪುಟ ಮುಗಿಯುವಾಗ ನನಗೆ ಆತುರ ಹತ್ತಿತ್ತು. ಸಾಲು ಸಾಲು ಓದುವ ಬದಲು ಸ್ಪೆಲ್‌ಚೆಕ್ ಹಾಕಿ, ಕೆಂಪು ಗೆರೆ ಬಂದಲ್ಲೆಲ್ಲ ಅದು ಸೂಚಿಸಿದ ಮೊದಲ ಪದ ಒಪ್ಪುತ್ತಾ ಹೋದೆ. ಸಂಜೆಯೊಳಗೆ ನೂರು ಪುಟ! ಎಂಥ ಹಿಗ್ಗು. ವಾರದ ನಂತರ ಓದಿ ನೋಡಿದರೆ ಪೌಲನ ಪತ್ರದ ಮಧ್ಯದಲ್ಲಿ ‘ಇಲ್ಲಿ ಕ್ರಿಸ್ಮಸ್ ಇದೆ’ ಎಂದು ಬರೆದಿದೆ.

ಅಲ್ಲಿದ್ದದ್ದು ಕಿಯಾಸ್ಮಸ್. ಮಾತನ್ನು ಅಡ್ಡಡ್ಡ ಹೆಣೆಯುವ ಅಲಂಕಾರ. ಮತ್ತಾಯ 7:6 ನೋಡಿ: ಪವಿತ್ರವಾದದ್ದನ್ನು ನಾಯಿಗೆ ಹಾಕಬೇಡಿ, ಮುತ್ತನ್ನು ಹಂದಿಯ ಮುಂದೆ ಚೆಲ್ಲಬೇಡಿ, ತುಳಿದಾವು, ತಿರುಗಿ ಬಿದ್ದು ಸೀಳಿಯಾವು. ತುಳಿಯುವುದು ಹಂದಿ, ಸೀಳುವುದು ನಾಯಿ. ಮೊದಲು ಹೇಳಿದ್ದಕ್ಕೆ ಕೊನೆಯದು ಸೇರುತ್ತದೆ, ನಡುವಿನದಕ್ಕೆ ನಡುವಿನದು. ಇಂಥದನ್ನು ಹುಡುಕಿ ತೋರಿಸುವುದೆಂದರೆ ಬೆಂಗೆಲ್ ಅವರಿಗೆ ಪ್ರೀತಿ. ಅಂಥ ಪದಗಳೆಲ್ಲ ಸ್ಪೆಲ್‌ಚೆಕ್ಕಿನ ಬಾಯಿಗೆ ಬಿದ್ದಿದ್ದವು. ಹಳೆಯ ಇಂಗ್ಲಿಷಿನ ಕಾಗುಣಿತಗಳೂ ಸದ್ದಿಲ್ಲದೆ ಹೊಸದಾಗಿದ್ದವು.

ನಾಚಿಕೆಯಾದದ್ದು ಅದಕ್ಕಲ್ಲ. ಹಸ್ತಪ್ರತಿಗಳಲ್ಲಿ ಒಂದೇ ಮಾತಿಗೆ ಎರಡು ಬೇರೆ ಬೇರೆ ರೂಪ, ಅಂದರೆ ಎರಡು ಪಾಠ ಸಿಕ್ಕಾಗ ಯಾವುದನ್ನು ಆರಿಸಬೇಕು ಎಂಬುದಕ್ಕೆ ಬೆಂಗೆಲ್ ಕೊಟ್ಟ ಸೂತ್ರ ಪ್ರಸಿದ್ಧ: ಸುಲಭವಾದ ಪಾಠಕ್ಕಿಂತ ಕಠಿಣವಾದದ್ದು ಮೇಲು. ಯಾಕೆಂದರೆ ನಕಲು ಮಾಡುವವನು ಗೊತ್ತಿಲ್ಲದ ಪದವನ್ನು ಗೊತ್ತಿರುವುದಕ್ಕೆ ತಿರುಗಿಸುತ್ತಾನೆ, ಗೊತ್ತಿರುವುದನ್ನು ಗೊತ್ತಿಲ್ಲದ್ದಕ್ಕೆ ತಿರುಗಿಸುವುದು ಅಪರೂಪ. ಅವರ ಪುಸ್ತಕವನ್ನೇ ಎದುರಿಗಿಟ್ಟುಕೊಂಡು ಅವರು ಹೇಳಿದ ಆ ನಕಲುಗಾರನ ಕೆಲಸವನ್ನೇ ನಾನು ಮಾಡಿದ್ದೆ, ಅದೂ ಗಂಟೆಗೆ ಇಪ್ಪತ್ತು ಪುಟದ ವೇಗದಲ್ಲಿ. ಟೆಸೆರಾಕ್ಟಿನ ತಪ್ಪು ಕಣ್ಣಿಗೆ ಹೊಡೆಯುತ್ತದೆ, ‘ಆಡ್ಯೋಸ್’ ಯಾರಿಗಾದರೂ ಗೊತ್ತಾಗುತ್ತದೆ. ಸ್ಪೆಲ್‌ಚೆಕ್ಕಿನ ತಪ್ಪು ಸರಿಯಾದ ಪದದ ವೇಷದಲ್ಲಿ ಕೂತಿರುತ್ತದೆ. ತಿದ್ದುವ ಮುಂಚಿನ ಪ್ರತಿಯನ್ನು ಮಗಳು ಹಠ ಹಿಡಿದು ಉಳಿಸಿದ್ದರಿಂದ ಬಚಾವಾದೆ.

ಅಲ್ಲಿಂದ ಮುಂದೆ ಪ್ರೋಗ್ರಾಂ ಅನುಮಾನ ಹೇಳಬಹುದು, ತಿದ್ದುವಂತಿಲ್ಲ ಎಂದು ನಿಯಮ ಮಾಡಿದೆವು. ಆ ನಿಯಮ ಇಲ್ಲದಿದ್ದರೆ ಒಂದನೇ ಯೋಹಾನ 5ರಲ್ಲಿ ಮತ್ತೆ ಎಡವುತ್ತಿದ್ದೆ. ಅಲ್ಲಿ ಏಳು, ಎಂಟನೇ ವಚನಗಳ ಚರ್ಚೆ ಒಂದಕ್ಕೊಂದು ಹೆಣೆದುಕೊಂಡಿದೆ. ಸಂಖ್ಯೆ ಏರುತ್ತಾ ಹೋಗಬೇಕು ಎಂದುಕೊಂಡಿದ್ದ ಪ್ರೋಗ್ರಾಂ ಕೆಂಪು ಬಣ್ಣ ತೋರಿಸಿತು. ಓದಿದರೆ, ಎಂಟನೆಯದು ಮೊದಲು ಬಂದು ಏಳನೆಯದು ಆಮೇಲೆ ಬರಬೇಕು ಎಂಬುದೇ ಅವರ ವಾದ. ಏಳನೆಯದರಲ್ಲಿ ಪರಲೋಕದ ಮೂವರು ಸಾಕ್ಷಿಗಳ ಮಾತಿದೆಯಲ್ಲ, ಅದು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ಈಗಿನ ವಿದ್ವಾಂಸರು ಅದನ್ನು ಬಿಟ್ಟಿದ್ದಾರೆ. ಅಷ್ಟು ಕಟ್ಟುನಿಟ್ಟಿನ ಬೆಂಗೆಲ್ ಮಾತ್ರ ಅದನ್ನು ಕೈಬಿಡಲಿಲ್ಲ. ನನಗೆ ಒಪ್ಪಿಗೆಯಿಲ್ಲ, ಆದರೆ ಅದು ಇದ್ದಂತೆಯೇ ಹೋಯಿತು, ಎರಡೂ ವಚನಕ್ಕೆ ಒಂದೇ ಟಿಪ್ಪಣಿಯಾಗಿ.

ಆ ಉದ್ದ ಫೈಲನ್ನು ಆ್ಯಪ್ ಓದುವ ಮಾಡ್ಯೂಲಾಗಿ ಕಟ್ಟಿ ಮೊದಲ ಸಲ ಫೋನಿಗೆ ಹಾಕಿದ ದಿನ ಗ್ರೀಕೆಲ್ಲ ಹುಳ ಹರಿದಂತೆ. ಮಾಡ್ಯೂಲಿನ ವಿವರ ಬರೆದಿಡುವ ಕಾನ್ಫ್ ಫೈಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂಬ ಸಾಲು ಬರೆಯದಿದ್ದರೆ ಸ್ವೋರ್ಡ್ ಅದನ್ನು ಲ್ಯಾಟಿನ್-1 ಎಂಬ ಹಳೆಯ ಅಕ್ಷರ ಸಂಕೇತ ಎಂದುಕೊಳ್ಳುತ್ತದೆ. ಒಂದು ಸಾಲು, ಎರಡು ದಿನ. ನುಡಿ, ಬರಹ ಫೈಲುಗಳನ್ನು ಯುನಿಕೋಡಿಗೆ ತಿರುಗಿಸಿದವರಿಗೆ ಈ ಹುಳಗಳ ಪರಿಚಯ ಇರುತ್ತದೆ. ಇನ್ನೂ ನುಣ್ಣಗಿನ ಕಾಟವೆಂದರೆ, ಗ್ರೀಕಿನ ಗೀಟಿರುವ ಸ್ವರಗಳಿಗೆ ಯುನಿಕೋಡಿನಲ್ಲಿ ನೋಡಲು ಒಂದೇ ಥರದ ಎರಡು ಸಂಕೇತಗಳಿವೆ. ಕಣ್ಣಿಗೆ ಕಾಣುವ ಪದ ಹುಡುಕಿದರೆ ಸಿಗುವುದಿಲ್ಲ. ಇಡೀ ಫೈಲನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದ ಮೇಲೆ ಹುಡುಕಾಟ ಸರಿಯಾಯಿತು.

ಎಲ್ಲ ಸೇರಿ ಎರಡೂವರೆ ವರ್ಷ. ಪ್ರತಿ ಪುಸ್ತಕದ ಮೊದಲಿಗೆ ಬೆಂಗೆಲ್ ಕೊಡುವ ವಿಷಯ ಪಟ್ಟಿಗಳನ್ನು ಫೋನಿನ ಪರದೆಗೆ ಹೊಂದಿಸಲು ಆಗಲೇ ಇಲ್ಲ. ಮೀಸೆಯಂಥ ಕಂಸಗಳನ್ನು ಕಿತ್ತು ಬರೀ ಒಳಸರಿದ ಸಾಲು ಮಾಡಿದ್ದೇನೆ; ನೋಡಿದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತದೆ.

ಕೊನೆಯ ತಕರಾರು ನಮ್ಮ ಸಭಾಪಾಲಕರದ್ದು. ಪ್ರಕಟನೆ ಪುಸ್ತಕದ ಅಂಕಿಗಳನ್ನು ಕೂಡಿ ಕಳೆದು, ಅದರಲ್ಲಿ ಬರುವ ಮೃಗದ ಆಳ್ವಿಕೆ 1836ರಲ್ಲಿ ಮುಗಿಯುತ್ತದೆ ಎಂದು ಬೆಂಗೆಲ್ ಲೆಕ್ಕ ಹಾಕಿದ್ದರು. ಆ ವರ್ಷ ಬಂತು, ಹೋಯಿತು. ಅದೇ ವರ್ಷದಲ್ಲಿ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದರು ಎನ್ನುವುದು ಬಿಟ್ಟರೆ ನಮ್ಮೂರಿಗೆ ವಿಶೇಷವೇನೂ ಆಗಲಿಲ್ಲ.

“ಆ ಕಾಲಗಣನೆಯ ಭಾಗ ಬಿಟ್ಟುಬಿಡಬಹುದಿತ್ತಲ್ಲಾ? ಯುವಜನರು ಓದಿ ಗಲಿಬಿಲಿಯಾಗುತ್ತಾರೆ” ಎಂದರು.

“ಅದನ್ನು ಬಿಟ್ಟರೆ ಅದು ನನ್ನ ಪುಸ್ತಕ ಆಗ್ತದೆ ಪಾಸ್ಟರ್, ಅವರದ್ದಲ್ಲ” ಎಂದೆ.

ಅವರು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಪಠ್ಯಕ್ಕೆ ಕೈ ಹಾಕದೆ ಕಾನ್ಫ್ ಫೈಲಿನ ಪರಿಚಯದ ಜಾಗದಲ್ಲಿ ಒಂದು ಸಾಲು ಸೇರಿಸಿದೆ: ಇದರಲ್ಲಿರುವ ವರ್ಷಗಳ ಲೆಕ್ಕ 1742ನೇ ಇಸವಿಯ ಬೆಂಗೆಲ್ ಅವರದ್ದು, ಅಚ್ಚಿನ ತಪ್ಪು ಸಿಕ್ಕಿದರೆ ಮಾತ್ರ ನನಗೆ ತಿಳಿಸಿ.