ಏರ್‌ಪೋರ್ಟ್ ಚೇರ್ ಕೊಳ್ಳುವ ಮುಂಚೆ ಬಗ್ಗಿ ನೋಡಿ

ಒಂದೇ ಪೈಪಿನ ಮೇಲೆ ಮೂರೋ ನಾಲ್ಕೋ ಸೀಟು ಕೂರಿಸಿದ ಖುರ್ಚಿಗೆ ಅಂಗಡಿಗಳಲ್ಲಿ ಏರ್‌ಪೋರ್ಟ್ ಚೇರ್ ಅಂತಲೇ ಹೆಸರು. ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರಿನಲ್ಲಿ, ಬೀದರಿನಲ್ಲಿ 2020ರ ಫೆಬ್ರುವರಿಯಲ್ಲಿ. ಈ ಖುರ್ಚಿ ಮಾತ್ರ ಅದಕ್ಕೂ ಮುಂಚೆಯೇ ನಮ್ಮ ಆಸ್ಪತ್ರೆ, ಬ್ಯಾಂಕುಗಳಿಗೆ ಬಂದಿತ್ತು. ಕೊಳ್ಳುವವರು ನೋಡುವುದು ಬಣ್ಣ, ಹೊಳಪು, ರೇಟು. ಎರಡು ವರ್ಷ ಕಳೆಯುವುದರೊಳಗೆ ಕಾಲಿಗೆ ತುಕ್ಕು, ಕೊನೆಯ ಸೀಟು ವಾಲಿರುತ್ತದೆ, ರೆಕ್ಸಿನ್ ಹರಿದು ಸ್ಪಂಜು ಹೊರಗೆ. ಇಂಥ ಹಾಲ್‌ಗಳನ್ನು ನೋಡಿ ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾರು, ಎಷ್ಟು ಹೊತ್ತು ಕೂರುತ್ತಾರೆ ನೋಡಿಕೊಳ್ಳಿ. ಹತ್ತು ನಿಮಿಷಕ್ಕೆ ಯಾವ ಖುರ್ಚಿಯಾದರೂ ನಡೆಯುತ್ತದೆ. ವಿಮಾನ ತಡವಾಗಿ ಎರಡು ತಾಸು ಕೂರಬೇಕಾದಾಗ ನಡೆಯುವುದಿಲ್ಲ. ಬಣ್ಣ? ಮಣ್ಣು, ಧೂಳು ಎದ್ದು ಕಾಣದ ಬೂದು ಬಣ್ಣ ಸಾಕು.

ಇನ್ನು ಸೀಟು ಯಾವುದರದ್ದು ಅನ್ನೋದು. ತೂತು ತೂತಿನ ಉಕ್ಕಿನ ಸೀಟಿನಲ್ಲಿ ಗಾಳಿಯಾಡುತ್ತದೆ, ನೀರು ನಿಲ್ಲುವುದಿಲ್ಲ. ತೆರೆದ ಹಾಲ್‌ಗೆ, ಬಸ್ ನಿಲ್ದಾಣಕ್ಕೆ ಅದೇ ಸರಿ. ಆದರೆ ಲೋಹ ಶಾಖವನ್ನು ಬೇಗ ಸಾಗಿಸುತ್ತದೆ. ಮೇ ತಿಂಗಳಲ್ಲಿ ಪಶ್ಚಿಮದ ಬಿಸಿಲು ಬೀಳುವ ಕಡೆ ಇಟ್ಟರೆ ಯಾರೂ ಕೂರಲಾರರು, ಎಸಿ ಹಾಲ್‌ನಲ್ಲಿ ತಣ್ಣಗೆ ಕೊರೆಯುತ್ತದೆ. ಎಸಿ ಟರ್ಮಿನಲ್‌ಗೆ ನನ್ನ ಆಯ್ಕೆ ಪಿಯು, ಅಂದರೆ ಪಾಲಿಯುರೆಥೇನ್ ಅನ್ನುವ ಮೆತ್ತನೆಯ ಪ್ಲಾಸ್ಟಿಕ್ಕಿನ ಸೀಟು. ಅಚ್ಚಿನಲ್ಲಿ ಒಂದೇ ತುಂಡಾಗಿ ಎರಕ ಹೊಯ್ದದ್ದು, ಮೇಲೆ ಹೊಲಿಗೆ ಇರುವುದಿಲ್ಲ. ಅದನ್ನೂ ಕಿಟಕಿ ಪಕ್ಕದ ನೇರ ಬಿಸಿಲಿಗೆ ಇಡಬೇಡಿ. ರೆಕ್ಸಿನ್ ಬೇಡವೇ ಬೇಡ. ಹೊಲಿಗೆಯ ಸಂದಿಯಲ್ಲಿ ಚಹಾ ಸೋರುತ್ತದೆ, ಸಕ್ಕರೆಗೆ ಇರುವೆ ಬರುತ್ತದೆ, ನಮ್ಮ ಸೆಕೆಗೆ ರೆಕ್ಸಿನ್ನೇ ಬಿರಿಯುತ್ತದೆ. ಬಟ್ಟೆಯ ಸೀಟಿನ ಮಾತೇ ಬೇಡ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಖುರ್ಚಿಯನ್ನು ತಲೆಕೆಳಗು ಮಾಡಿ ನೋಡಬೇಕು. ಅಂಗಡಿಯವರು ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

ಅಡಿಯಲ್ಲಿ ಉದ್ದಕ್ಕೆ ಹೋಗುವ ಚೌಕ ಪೈಪೇ ಎಲ್ಲ ಭಾರ ಹೊರುವುದು. ಅದರ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ತಗಡಿನ ದಪ್ಪವನ್ನು ವರ್ನಿಯರ್ ಅನ್ನುವ ಅಳತೆಯ ಉಪಕರಣದಲ್ಲಿ ಅಳೆಯಿರಿ. 2 ಮಿಲಿಮೀಟರಿಗೆ ಕಡಿಮೆ ಇದ್ದರೆ ನಾಲ್ಕು ಸೀಟಿನದು ತಗೋಬೇಡಿ. ಅಂಗಡಿಯವರು ದಪ್ಪವನ್ನು ಹೇಳುವ ಗೇಜ್ ಲೆಕ್ಕದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ. 14 ಗೇಜ್ ಅಂದರೆ ಸುಮಾರು 2 ಮಿಲಿಮೀಟರ್, 18 ಗೇಜ್ ಅಂದರೆ ಬರೀ 1.2. ಕೊಟೇಶನ್‌ನಲ್ಲಿ ಮಿಲಿಮೀಟರಿನಲ್ಲೇ ಬರೆಸಿಕೊಳ್ಳಿ. ಮುಚ್ಚಳವೇ ಇಲ್ಲದ ಪೈಪು ಬೇಡ, ನೆಲ ತೊಳೆದ ನೀರು ಒಳಗೆ ಹೋಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಆಮೇಲೆ ಸೀಟು ಪೈಪಿಗೆ ಸೇರುವ ಜಾಗ. ಮುರಿಯುವುದು ಹೆಚ್ಚಾಗಿ ಇಲ್ಲೇ. ಅಲ್ಲೊಂದು ಇಲ್ಲೊಂದು ಚುಕ್ಕೆ ವೆಲ್ಡಿಂಗ್ ಇಟ್ಟಿದ್ದರೆ ಬಿಟ್ಟುಬಿಡಿ. ದಪ್ಪ ಪಟ್ಟಿ ಹಾಕಿ ಬೋಲ್ಟಿನಿಂದ ಬಿಗಿದಿರಬೇಕು, ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್ ಆಗಿರಬೇಕು. ಸಾದಾ ನಟ್ಟು ಜನ ಎದ್ದು ಕೂತು ಮಾಡುವ ಅಲುಗಾಟಕ್ಕೇ ಸಡಿಲವಾಗುತ್ತದೆ. ‘ನಡುವಿನ ಸೀಟೊಂದನ್ನೇ ಬಿಚ್ಚಿ ತೋರಿಸಿ’ ಅನ್ನಿ. ಅದೊಂದನ್ನು ತೆಗೆಯಲು ಇಡೀ ಸಾಲು ಬಿಚ್ಚಬೇಕಾದರೆ, ಮುಂದೆ ರಿಪೇರಿ ಯಾರೂ ಮಾಡಿಸುವುದಿಲ್ಲ.

ಸ್ಟೀಲಿನ ಪರೀಕ್ಷೆಗೆ ಅಂಗಡಿಯವರು ಆಯಸ್ಕಾಂತ ತರುತ್ತಾರೆ. ‘ನೋಡ್ರಿ ಸರ್, ಅಂಟಂಗಿಲ್ಲ, ಅಸಲಿ ಮಾಲು’ ಅಂತಾರೆ. ಇದನ್ನು ನಂಬಬೇಡಿ. ಒಳ್ಳೆಯ 304 ಗ್ರೇಡಿನ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ, ಅಗ್ಗದ 202 ಗ್ರೇಡಿಗೂ ಅಂಟುವುದಿಲ್ಲ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಅದಕ್ಕೇ ತುಕ್ಕು ಬೇಗ. ಬಿಲ್‌ನಲ್ಲಿ ಗ್ರೇಡ್ ಬರೆಸಿ, ಜಾಸ್ತಿ ಕೊಳ್ಳುವುದಾದರೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಕಾಯಿಸಿದ ಲೇಪ) ಇದ್ದರೆ ಅಡಿಭಾಗದಲ್ಲಿ ಬ್ಲೇಡಿನಿಂದ ಅಡ್ಡ ಉದ್ದ ಗೀರಿ, ಟೇಪ್ ಅಂಟಿಸಿ ಸರ್ ಅಂತ ಕೀಳಿ. ಬಣ್ಣ ಟೇಪಿಗೆ ಬಂದರೆ ತಗಡನ್ನು ಸರಿಯಾಗಿ ತೊಳೆಯದೇ ಬಣ್ಣ ಹೊಡೆದಿರುವ ಸಾಧ್ಯತೆ ಹೆಚ್ಚು.

ಕಾಲಿನ ತುದಿಗೆ ನೈಲಾನ್ ಬೂಟು ಇರಲೇಬೇಕು. ನಮ್ಮ ಗಡಸು ನೀರಿನ ಬಿಳಿ ಕಲೆ ತೆಗೆಯಲು ನೆಲಕ್ಕೆ ಆಸಿಡ್ ಹಾಕುವ ಅಭ್ಯಾಸವೂ ನಿಲ್ಲಬೇಕು. ಆಸಿಡ್ ಕಾಲಿನ ಹೊಳೆಯುವ ಕ್ರೋಮ್ ಲೇಪವನ್ನೂ ತಿನ್ನುತ್ತದೆ, ಸ್ಟೀಲನ್ನೂ ತಿನ್ನುತ್ತದೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಂತೂ ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ನೊರೆ ಬಂದು ಮೈಯೆಲ್ಲ ಒರಟಾಗುತ್ತದೆ. ಸಾಬೂನು ನೀರು, ಒಣ ಬಟ್ಟೆ ಸಾಕು.

ಈಗ ಕೂತು ನೋಡಿ. ಸ್ಯಾಂಪಲ್ ಒಂದನ್ನು ತರಿಸಿಕೊಂಡು ಎತ್ತರದವರು, ಕುಳ್ಳಗಿರುವವರು, ಮೊಣಕಾಲು ನೋವಿನ ಅಜ್ಜಿ, ಎಲ್ಲರನ್ನೂ ಮುಕ್ಕಾಲು ತಾಸು ಕೂರಿಸಿ. ಸೀಟಿನ ಎತ್ತರ 43ರಿಂದ 45 ಸೆಂಟಿಮೀಟರ್ ಇರಲಿ. ಮುಂದಿನ ಅಂಚು ದುಂಡಗಿರಬೇಕು, ಇಲ್ಲದಿದ್ದರೆ ತೊಡೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಕೊನೆಯ ಸೀಟಿನಲ್ಲಿ ದಪ್ಪಗಿರುವವರೊಬ್ಬರನ್ನೇ ಕೂರಿಸಿ. ಆಚೆಯ ಕಾಲು ನೆಲ ಬಿಟ್ಟರೆ ಆ ಖುರ್ಚಿ ವಾಪಸ್ ಕಳಿಸಿ.

ಕೈ ಆಸರೆ ಎಲ್ಲ ಸೀಟಿಗೂ ಹಾಕಿಸುವವರಿದ್ದಾರೆ, ಯಾರೂ ಮಲಗಬಾರದು ಅಂತ. ನನಗದು ಒಪ್ಪಿಗೆಯಿಲ್ಲ. ವಯಸ್ಸಾದವರು ಏಳಲು ಆಸರೆ ಬೇಕೇ ಬೇಕು. ಆದರೆ ಮಗು ಎತ್ತಿಕೊಂಡ ತಾಯಿಗೆ, ಮೈ ಹುಷಾರಿಲ್ಲದವರಿಗೆ ಆಸರೆ ಇಲ್ಲದ ಸಾಲೂ ಬೇಕು ಅಲ್ವಾ? ಮೂರರಲ್ಲಿ ಎರಡು ಸಾಲಿಗೆ ಹಾಕಿಸಿ, ಒಂದನ್ನು ಬಿಡಿ. ಗಾಲಿಕುರ್ಚಿಯವರು ಮನೆಯವರ ಪಕ್ಕದಲ್ಲೇ ನಿಲ್ಲುವಂತೆ ಸಾಲಿನ ತುದಿಯಲ್ಲಿ ಜಾಗವಿರಲಿ.

ಎದುರುಬದುರು ಸಾಲುಗಳ ನಡುವೆ ಟ್ರಾಲಿ ಓಡಾಡುವ ಕಡೆ ಒಂದೂವರೆ ಮೀಟರ್ ಬಿಡಿ.

ನೆಲಕ್ಕೆ ಬಿಗಿಯುವಾಗ ಮೊದಲು ಬಿಗಿಯುವ ಜಾಗವನ್ನು ತಟ್ಟಿ ಕೇಳಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾಳಿಯಿದೆ, ಡ್ರಿಲ್ ಇಟ್ಟರೆ ಕಲ್ಲು ಸೀಳುತ್ತದೆ. ಜಾಗ ಬದಲಿಸಿ, ಅಂಚಿನಿಂದ ದೂರ ಕೊರೆಯಿರಿ. ಟೈಲ್ಸ್ ಇದ್ದರೆ ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಮೋಡ್ (ಕುಟ್ಟುತ್ತಾ ಕೊರೆಯುವುದು) ಬಂದ್ ಇರಲಿ. ಖುರ್ಚಿಯನ್ನು ನೆಲಕ್ಕೆ ಹಿಡಿದಿಡುವ ಆಂಕರ್ ಬೋಲ್ಟು ಕೆಳಗಿನ ಕಾಂಕ್ರೀಟಿನವರೆಗೆ ಇಳಿಯಬೇಕು, ಬರೀ ಟೈಲ್ಸ್ ಹಿಡಿದುಕೊಂಡರೆ ಎರಡೇ ತಿಂಗಳಲ್ಲಿ ಕಿತ್ತು ಬರುತ್ತದೆ.

ಆರ್ಡರ್ ಕೊಡುವಾಗಲೇ ನೂರು ಸೀಟಿಗೆ ಐದರಂತೆ ಬಿಡಿ ಸೀಟು, ಒಂದು ಡಬ್ಬಿ ನಟ್ಟು ಬೋಲ್ಟು, ಹತ್ತಾರು ನೈಲಾನ್ ಬೂಟು ಸೇರಿಸಿ ಬರೆಸಿ. ಆಮೇಲೆ ಕೇಳಿದರೆ ಆ ಮಾಡೆಲ್ಲೇ ನಿಂತುಹೋಗಿರಬಹುದು.