ಆಶಾ ಕಾರ್ಯಕರ್ತೆ ಆಗಬೇಕಾ? ಮೊದಲು ಇದು ಗೊತ್ತಿರಲಿ

ಗುಲಾಬಿ ಸೀರೆ ನೋಡಿ ಇದು ಸರ್ಕಾರಿ ನೌಕರಿ ಅಂದುಕೊಳ್ಳಬೇಡಿ. ಸಂಬಳ ಇಲ್ಲ. ಗೌರವಧನ, ಜೊತೆಗೆ ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ ಅಷ್ಟೇ.

ಹಳ್ಳಿಯಲ್ಲಾದರೆ ನೀವು ಅದೇ ಊರಿನವರಾಗಿರಬೇಕು. ಮದುವೆಯಾದವರು, ವಿಧವೆಯರು, ಗಂಡನಿಂದ ಬೇರೆಯಾದವರಿಗೆ ಆದ್ಯತೆ. ವಯಸ್ಸು 25ರಿಂದ 45. ಹತ್ತನೇ ತರಗತಿ ಓದಿದ್ದರೆ ಒಳ್ಳೆಯದು. ಸುಮಾರು 1000 ಜನಕ್ಕೆ ಒಬ್ಬರೇ ಆಶಾ, ಹಾಗಾಗಿ ನಿಮ್ಮೂರಲ್ಲಿ ಜಾಗ ಖಾಲಿ ಇದೆಯಾ ಅಂತ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಸುಮ್ನೆ ಅರ್ಜಿ ಹಿಡಿದುಕೊಂಡು ಓಡಾಡಬೇಡಿ.

ಇನ್ನು ಕೆಲಸ. ಆಸ್ಪತ್ರೆಯಲ್ಲಿ ಹುಟ್ಟಿದ ಒಂದು ಮಗುವನ್ನೇ ತಗೊಳ್ಳಿ: 3, 7, 14, 21, 28, 42ನೇ ದಿನ ಅವರ ಮನೆಗೆ ಹೋಗಬೇಕು, ತೂಕ ಮತ್ತು ಮೈಬಿಸಿ ನೋಡಬೇಕು, ಎದೆಹಾಲು ಸರಿಯಾಗಿ ಕುಡಿಯುತ್ತಿದೆಯಾ ಕೇಳಬೇಕು, ಅಜ್ಜಿ ಜೇನುತುಪ್ಪ ನೆಕ್ಕಿಸಲು ಹೊರಟರೆ ಜಗಳ ಆಗದ ಹಾಗೆ ತಡೆಯಬೇಕು (ಇದೇ ಎಲ್ಲಕ್ಕಿಂತ ಜಾಸ್ತಿ ಕಷ್ಟ!), ಆಮೇಲೆ ಎಲ್ಲ ಬರೆದಿಡಬೇಕು. ಈ ಆರೂ ಭೇಟಿಗೆ ಸೇರಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಕಡಿಮೆ ಅಲ್ವಾ? ನಡುರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೂ ಮೊದಲ ಫೋನ್ ನಿಮಗೇ.

ಹೋದ ಮನೆ, ಹೋದ ದಿನ ಎಲ್ಲವನ್ನೂ ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬೇರೆ ಬರೆದಿಟ್ಟುಕೊಳ್ಳಿ. ದುಡ್ಡು ತಡವಾದಾಗ ಅದೇ ಬೇಕಾಗುತ್ತದೆ.