ಹಳೇ ಆಪ್ಟಿಪ್ಲೆಕ್ಸ್‌ಗೆ ಐ7 ಕೂರಿಸಿದ್ದು

ನನ್ನ ಡಿಟಿಪಿ ಅಂಗಡಿಯಲ್ಲಿರುವುದು ಡೆಲ್ ಆಪ್ಟಿಪ್ಲೆಕ್ಸ್ 7010 ಮಿನಿ ಟವರ್ ಕಂಪ್ಯೂಟರ್. ಸೆಕೆಂಡ್ ಹ್ಯಾಂಡ್ ತಂದದ್ದು. ಒಳಗೆ ಇಂಟೆಲ್‌ನ ಐ3-3220 ಪ್ರೊಸೆಸರ್ ಇತ್ತು, ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಮದುವೆ ಸೀಸನ್ನಿನಲ್ಲಿ ಕೋರೆಲ್ ಡ್ರಾ, ಫೋಟೋಶಾಪ್ ಎರಡೂ ತೆರೆದಿಟ್ಟು ಪಿಡಿಎಫ್ ಮಾಡಲು ಕೊಟ್ಟರೆ, ಗಿರಾಕಿ ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಈಗ ಅದೇ ಡಬ್ಬದಲ್ಲಿ ಐ7-3770 ಕೂತಿದೆ. ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆಗಳು).

ಮೊದಲೇ ಒಂದು ಮಾತು. ನಿಮ್ಮ ಮಷಿನ್ನಿನಲ್ಲಿ ಇನ್ನೂ ಹಾರ್ಡ್ ಡಿಸ್ಕೇ ಓಡುತ್ತಿದ್ದರೆ ಪ್ರೊಸೆಸರ್ ತಂಟೆಗೆ ಹೋಗಬೇಡಿ. ಅದರ ಬದಲು ವೇಗವಾಗಿ ಓಡುವ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿ. ಟೈಪಿಂಗ್, ಬ್ರೌಸಿಂಗ್‌ಗೆ ಅಷ್ಟೇ ಸಾಕು.

ನಾನು ಎಡವಿದ್ದು ಕೊಳ್ಳುವಾಗ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸುಮ್ನೆ "ಒಂದು ಐ7 ಕೊಡಿ" ಅಂದೆ. ಕೊಟ್ಟರು, ಐ7-4770. ಊರಿಗೆ ತಂದು ಸಾಕೆಟ್ ಮೇಲೆ, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಮೇಲೆ, ಇಟ್ಟರೆ ಕೂರಲೇ ಇಲ್ಲ. ಅಂಚಿನ ಎರಡು ಕಚ್ಚುಗಳು ಸಾಕೆಟ್ಟಿಗೆ ಹೊಂದುತ್ತಿಲ್ಲ! 4770 ನಾಲ್ಕನೇ ತಲೆಮಾರಿನದು, ಅದಕ್ಕೆ ಬೇಕಾದ್ದು ಎಲ್‌ಜಿಎ 1150 ಸಾಕೆಟ್. 7010ರಲ್ಲಿರುವುದು 1155. ಐ7 ಅನ್ನೋದು ಬರೀ ಮನೆತನದ ಹೆಸರು, ನೋಡಬೇಕಾದ್ದು ಅದರ ಮುಂದಿನ ನಂಬರು.

ಸಾಕೆಟ್ ಒಂದೇ ಆದರೂ ಸಾಲದು. ಹಿಂದಿನ ಮಾಡೆಲ್ ಆಪ್ಟಿಪ್ಲೆಕ್ಸ್ 790ಕ್ಕೂ 1155 ಸಾಕೆಟ್ಟೇ, ಆದರೆ ಅದು ಎರಡನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಮಾಡಿದ್ದು, ಮೂರನೇ ತಲೆಮಾರಿನ 3770ಕ್ಕಲ್ಲ. ಕಂಪನಿಯ ಮಾಡೆಲ್ ಕೈಪಿಡಿಯಲ್ಲಿ ಯಾವ ಪ್ರೊಸೆಸರ್ ಹೆಸರಿದೆಯೋ ಅದನ್ನೇ ತನ್ನಿ. ವ್ಯಾಟ್ ಕೂಡ ನೋಡಿ: 3220ಕ್ಕೆ 55, 3770ಕ್ಕೆ 77. ಪ್ರೊಸೆಸರಿನ ಬಿಸಿ ಹೀರುವ ನನ್ನ ಹಳೇ ಹೀಟ್‌ಸಿಂಕೇ ತಡೆದುಕೊಂಡಿತು. 3770ಕೆ ಅಂತ ಜಾಸ್ತಿ ದುಡ್ಡಿಗೆ ಮಾರುತ್ತಾರೆ, ಬೇಡ. ಈ ಬೋರ್ಡಿನಲ್ಲಿ ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವುದು) ಆಗುವುದಿಲ್ಲ.

ಬಿಚ್ಚುವ ಮುಂಚೆ ಹತ್ತು ನಿಮಿಷ ಮಷಿನ್ ಓಡಿಸಿ, ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸಲು ಹಚ್ಚಿದ ಹಳೇ ಪೇಸ್ಟ್ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ. ಡಬ್ಬದ ಬರಿ ಲೋಹವನ್ನು ಮುಟ್ಟಿಯೇ ಕೈ ಒಳಗೆ ಹಾಕಿ. ಫ್ಯಾನಿನ ವೈರ್ ತೆಗೆದು, ಹೀಟ್‌ಸಿಂಕಿನ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಎತ್ತುವಾಗ ಜಗ್ಗಬೇಡಿ, ಮುಚ್ಚಳ ತಿರುಗಿಸುವ ಹಾಗೆ ಆಚೆ ಈಚೆ ಅಲುಗಿಸಿ. ನನ್ನದರಲ್ಲಿ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು.

ಇನ್ನು ನಿಧಾನ. ಸಾಕೆಟ್ ಪಕ್ಕದ ಸರಳನ್ನು ಒತ್ತಿ, ಹೊರಕ್ಕೆ ಸರಿಸಿ ಎತ್ತಿದರೆ ಕಬ್ಬಿಣದ ಚೌಕಟ್ಟು ತೆರೆದುಕೊಳ್ಳುತ್ತದೆ. ಹಳೇ ಪ್ರೊಸೆಸರನ್ನು ಅಂಚು ಹಿಡಿದು ನೇರ ಮೇಲಕ್ಕೆತ್ತಿ. ಕೆಳಗೆ ಸಾಕೆಟ್ಟಿನ ತುಂಬ ಕೂದಲೆಳೆಯಂಥ ಪಿನ್ನುಗಳು ಬಾಗಿ ನಿಂತಿರುತ್ತವೆ. ಬಟ್ಟೆ ತಾಗಿದರೂ ಒಂದೆರಡು ಮಡಚಿಕೊಳ್ಳುತ್ತವೆ, ಬೋರ್ಡೇ ಹೋದ ಹಾಗೆ. ಧೂಳು ಕಂಡರೆ ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಹೊಸ ಪ್ರೊಸೆಸರಿನ ಚಿನ್ನದ ಬಣ್ಣದ ತ್ರಿಕೋನವನ್ನೂ ಎರಡು ಕಚ್ಚುಗಳನ್ನೂ ಹೊಂದಿಸಿ ಸುಮ್ಮನೆ ಇಳಿಸಿ. ಒತ್ತಲೇಬಾರದು. ಸರಳನ್ನು ವಾಪಸ್ ಕೆಳಗೆ ತರುವಾಗ ಕರಕರ ಅನ್ನುತ್ತದೆ, ಬಿಗಿಯೂ ಇರುತ್ತದೆ. ಮೊದಲ ಸಲ ಎದೆ ಧಸಕ್ಕೆಂದಿತ್ತು. ಅದು ಮಾಮೂಲಿ.

ಹೀಟ್‌ಸಿಂಕಿನ ತಳವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಪ್ರೊಸೆಸರ್ ನಡುವೆ ತೊಗರಿಬೇಳೆಯಷ್ಟು ಹೊಸ ಪೇಸ್ಟ್ ಇಟ್ಟು ಮತ್ತೆ ಕೂರಿಸಿ. ಫ್ಯಾನಿನ ವೈರ್ ಮರೆಯಬೇಡಿ! ಡಬ್ಬ ತೆರೆದೇ ಇದೆಯಲ್ವಾ, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿಬಿಡಿ.

ಆನ್ ಮಾಡಿ ಎಫ್2 ಒತ್ತಿದರೆ ಸೆಟಪ್ ಸ್ಕ್ರೀನಿನಲ್ಲಿ ಹೊಸ ಪ್ರೊಸೆಸರಿನ ಹೆಸರು ಕಾಣಬೇಕು. ಸ್ಕ್ರೀನೇ ಬಾರದಿದ್ದರೆ, ರ್‍ಯಾಮ್ ತೆಗೆದು ಮತ್ತೆ ಹಾಕಿ ನೋಡಿ. ಬಿಚ್ಚುವಾಗ ಅದೇ ಸಡಿಲಾಗುವುದು ಜಾಸ್ತಿ.

ಐ7 ಹಾಕಿದರೂ ವಿಂಡೋಸ್ 11ರ ಬಾಗಿಲು ತೆರೆಯುವುದಿಲ್ಲ. ಅದು ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಿನದನ್ನೇ ಅಧಿಕೃತವಾಗಿ ಒಪ್ಪುವುದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ನನ್ನ ಮಷಿನ್ನಿನ ಇಂಟರ್ನೆಟ್ ವೈರನ್ನು ಕಿತ್ತಿಟ್ಟಿದ್ದೇನೆ. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ವಧೂವರರ ಫೋಟೋ ಎಲ್ಲ ಪಕ್ಕದ ಲ್ಯಾಪ್‌ಟಾಪಿಗೆ ಬರುತ್ತವೆ, ಅಲ್ಲಿಂದ ಪೆನ್‌ಡ್ರೈವ್‌ನಲ್ಲಿ ಇದಕ್ಕೆ.